ಎಣಿಕೆ ತುಂಬಿ ಸೊನ್ನೆಗೆ ಮರಳಿದಾಗ

ಗಣಕಯಂತ್ರಗಳ ನಡುವೆ ಮಾಹಿತಿಯು ಪ್ಯಾಕೆಟ್‌ಗಳೆಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಹೀಗೆ ಬಂದ ಮತ್ತು ಹೋದ ಪ್ಯಾಕೆಟ್‌ಗಳನ್ನೂ ಅವುಗಳಲ್ಲಿರುವ ಬೈಟ್‌ಗಳನ್ನೂ ಕಾರ್ಯಾಚರಣ ವ್ಯವಸ್ಥೆಯು ಎಣಿಸಿಡುತ್ತದೆ. ನೆಟ್‌ಸ್ಟ್ಯಾಟ್ ಎಂಬ ಆದೇಶದಿಂದ ಈ ಎಣಿಕೆಯನ್ನು ನೋಡಬಹುದು. ಏರುತ್ತಲೇ ಇರಬೇಕಾದ ಸಂಖ್ಯೆಯು ಒಮ್ಮೆಲೇ ಕುಸಿದರೆ ಅಥವಾ ಋಣಸಂಖ್ಯೆಯಾಗಿ ಕಂಡರೆ ಜಾಲವೇ ಕೆಟ್ಟಿದೆಯೆಂದು ಭಾವಿಸುವುದು ಸಹಜ. ಅನೇಕ ವೇಳೆ ಜಾಲವು ಸರಿಯಾಗಿಯೇ ಇರುತ್ತದೆ. ಎಣಿಕೆಗೆ ಮೀಸಲಾದ ಸ್ಥಳ ಮಾತ್ರ ತುಂಬಿರುತ್ತದೆ.

ತುಂಬುವುದೆಂದರೇನು?

ಚಿಲಮತ್ತೂರು ಮಂಡಲದ ಕೊಡಿಕೊಂಡದ ಬಳಿ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನಗಳನ್ನು ಎಣಿಸುವ ನಾಲ್ಕು ಅಂಕಿಗಳ ಯಂತ್ರವೊಂದನ್ನು ಕಲ್ಪಿಸಿಕೊಳ್ಳಬಹುದು. 9999ರ ಬಳಿಕ ಅದು 0000 ತೋರಿಸುತ್ತದೆ. ಎಂಟು ಗಂಟೆಗೆ 9800, ಎಂಟೂವರೆಗೆ 0150 ಇದ್ದರೆ, ಸಾಗಿದ ವಾಹನಗಳು 150 − 9800 + 10000 = 350. ಆದರೆ ಎರಡನೆಯ ವೀಕ್ಷಣೆಯು ಹಲವು ದಿನಗಳ ನಂತರ ನಡೆದರೆ, ಯಂತ್ರವು ಎಷ್ಟು ಸಲ ಸೊನ್ನೆಗೆ ಮರಳಿತೆಂಬುದನ್ನು ತಿಳಿಯಲಾಗದು.

32 ಬಿಟ್‌ಗಳ ಎಣಿಕೆಯ ಗರಿಷ್ಠ ಮಿತಿ 4,29,49,67,295. ಮುಂದಿನ ಬೈಟ್ ಬಂದೊಡನೆ ಅದು ಸೊನ್ನೆಯಾಗುತ್ತದೆ. ಪೂರ್ಣ ವೇಗದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಇದಕ್ಕೆ ಸುಮಾರು 343 ಸೆಕೆಂಡುಗಳು ಸಾಕು. 1 ಗಿಗಾಬಿಟ್ ಸಂಪರ್ಕದಲ್ಲಿ ಸುಮಾರು 34 ಸೆಕೆಂಡುಗಳು. ಅಂತಹ ಗಿಗಾಬಿಟ್ ಸಂಪರ್ಕವನ್ನು ಐದು ನಿಮಿಷಕ್ಕೊಮ್ಮೆ ನೋಡಿದರೆ ಎಣಿಕೆಯು ಆ ನಡುವೆ ಎಂಟು ಸಲವಾದರೂ ತುಂಬಿ ಮರಳಿರುತ್ತದೆ. ಆಗ ದೊರೆಯುವ ವ್ಯತ್ಯಾಸವು ನಂಬುವಂತಿದ್ದರೂ ಸುಳ್ಳಾಗಿರುತ್ತದೆ. ತುಂಬಿ ತುಳುಕುವ ಸಂಪರ್ಕವು ಬಿಡುವಾಗಿದೆಯೆಂದು ಪಟ್ಟಿ ಹೇಳುತ್ತದೆ. ಋಣಸಂಖ್ಯೆಗಿಂತ ಈ ದೋಷವೇ ಹೆಚ್ಚು ಅಪಾಯಕರ. ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಪರಿಶೀಲನೆಯ ಕ್ರಮ

1. ಯಂತ್ರವು ಪುನರಾರಂಭಗೊಂಡಿದೆಯೇ ಎಂದು ಮೊದಲು ನೋಡಬೇಕು. ಪುನರಾರಂಭದಿಂದಲೂ ಎಣಿಕೆ ಸೊನ್ನೆಯಾಗುತ್ತದೆ. ಅಲ್ಲಿ ಮೇಲಿನ ಸೂತ್ರವನ್ನು ಬಳಸಬಾರದು.

2. ಋಣಸಂಖ್ಯೆ ಕಂಡರೆ, 2,14,74,83,647ನ್ನು ದಾಟಿದ ಎಣಿಕೆಯನ್ನು ತೋರಿಸುವ ತಂತ್ರಾಂಶವು ಚಿಹ್ನೆಯುಳ್ಳ ಸಂಖ್ಯೆಯೆಂದು ಓದಿರಬಹುದು. ಅದಕ್ಕೆ 4,29,49,67,296 ಕೂಡಿಸಿದರೆ ನಿಜವಾದ ಎಣಿಕೆ ದೊರೆಯುತ್ತದೆ.

3. ಹೊಸ ಎಣಿಕೆಯು ಹಳೆಯದಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸಕ್ಕೂ ಅದೇ ಸಂಖ್ಯೆಯನ್ನು ಕೂಡಿಸಬೇಕು. ಎರಡು ವೀಕ್ಷಣೆಗಳ ನಡುವೆ ಎಣಿಕೆಯು ಒಂದೇ ಸಲ ತುಂಬಿದ್ದರೆ ಮಾತ್ರ ಇದು ಸರಿ. ಆದುದರಿಂದ ವೀಕ್ಷಣೆಗಳ ಅಂತರವನ್ನು ಕಿರಿದಾಗಿಸಬೇಕು.

4. ಶಾಶ್ವತ ಪರಿಹಾರವೆಂದರೆ 64 ಬಿಟ್‌ಗಳ ಎಣಿಕೆ. 1 ಗಿಗಾಬಿಟ್ ವೇಗದಲ್ಲಿ ಅದು ತುಂಬಲು 4,600 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಎಣಿಸುವ ವ್ಯವಸ್ಥೆಯೊಂದಿಗೆ ಅದನ್ನು ಓದುವ ತಂತ್ರಾಂಶವೂ 64 ಬಿಟ್‌ಗಳನ್ನು ಬಳಸುತ್ತಿರಬೇಕು.

ತರಗತಿಯಲ್ಲಿ

ಗಡಿಯಾರದ ಮುಖವೇ ಇದಕ್ಕೆ ಉತ್ತಮ ಪಾಠೋಪಕರಣ. ಮುಳ್ಳು 11ರಿಂದ 2ಕ್ಕೆ ಬಂದರೆ ಎಷ್ಟು ಗಂಟೆ ಕಳೆದವೆಂದು ಶಿಕ್ಷಕರು ಕೇಳಬೇಕು. ಮೂರು ಎಂಬ ಉತ್ತರ ಬಂದೊಡನೆ, ಹದಿನೈದು ಏಕಾಗಬಾರದೆಂದು ಮರುಪ್ರಶ್ನಿಸಬೇಕು. ಸಂಖ್ಯೆಯೊಂದನ್ನು ನಂಬುವ ಮುನ್ನ ಅದನ್ನು ಎಣಿಸಿದ ಸಾಧನದ ಮಿತಿಯನ್ನು ಅರಿಯಬೇಕೆಂಬುದು ಆಗ ವಿದ್ಯಾರ್ಥಿಗಳಿಗೆ ತಾನಾಗಿಯೇ ಮನದಟ್ಟಾಗುತ್ತದೆ.