ನಗದನ್ನು ಬೀಳ್ಕೊಟ್ಟ ನಾಡು

ಹದಿನೇಳನೆಯ ಶತಮಾನದ ಸ್ವೀಡನ್ನಿನಲ್ಲಿ ದೊಡ್ಡ ಮೊತ್ತವನ್ನು ಪಾವತಿ ಮಾಡಬೇಕಾದವನಿಗೆ ಕೈಚೀಲ ಸಾಲದೆ ಬಂಡಿಯೇ ಬೇಕಾಗುತ್ತಿತ್ತು. ಬೆಳ್ಳಿಗೆ ಬರವಿದ್ದು ತಾಮ್ರದ ಗಣಿಗಳು ಮಾತ್ರ ಹೇರಳವಾಗಿದ್ದ ಆ ರಾಜ್ಯವು 1644ರಿಂದ ಮೊದಲ್ಗೊಂಡು ತಾಮ್ರದ ಹಲಗೆಗಳನ್ನೇ ನಾಣ್ಯವಾಗಿ ಟಂಕಿಸುತ್ತಿದ್ದಿತು. ನಾಲ್ಕು ಮೂಲೆಗಳಲ್ಲಿಯೂ ನಟ್ಟನಡುವೆಯೂ ಮುದ್ರೆಯನ್ನೊತ್ತಿದ ಈ ಹಲಗೆಗಳಲ್ಲಿ 10 ದಾಲರ್ ಬೆಲೆಯದು 19 ಕಿಲೋಗ್ರಾಮಿಗೂ ಮಿಕ್ಕು ತೂಗುತ್ತಿದ್ದುದರಿಂದ ಅದು ಕಳ್ಳನಿಗೂ ಅಷ್ಟೇನೂ ಪ್ರಿಯವಾದ ವಸ್ತುವಾಗಿರಲಾರದು. ಇಂತಹ ನಾಡಿನಲ್ಲಿ, ರೀಗಾ ಪಟ್ಟಣದಲ್ಲಿ ಹುಟ್ಟಿದ ಯೋಹಾನ್ ಪಾಮ್‌ಸ್ಟ್ರುಕ್ ಎಂಬ ವ್ಯವಹಾರಕುಶಲನು 1656ರಲ್ಲಿ ಅರಸನಿಂದ ಸನ್ನದು ಪಡೆದು ಸ್ಟಾಕ್‌ಹೋಮಿನಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿ, 1661ರಲ್ಲಿ ತಾಮ್ರಕ್ಕೆ ಬದಲಾಗಿ ಜೇಬಿನಲ್ಲಿಟ್ಟುಕೊಳ್ಳಬಹುದಾದ ಕಾಗದದ ಚೀಟಿಗಳನ್ನು ಹೊರಡಿಸಿದನು. ಯುರೋಪು ಖಂಡದಲ್ಲಿ ಚಲಾವಣೆಗೆ ಬಂದ ಬ್ಯಾಂಕು ನೋಟುಗಳಲ್ಲಿ ಇವೇ ಮೊದಲನೆಯವು.

ಜನ ಅವನ್ನು ಬಹಳ ಇಷ್ಟಪಟ್ಟರು. ಇಷ್ಟಪಟ್ಟಷ್ಟೂ ಪಾಮ್‌ಸ್ಟ್ರುಕ್ ಅಚ್ಚು ಹಾಕಿಸಿದನು. ಹಾಗೆ ಅಚ್ಚಾದುದನ್ನೇ ಸಾಲವಾಗಿ ಹಂಚಿದನು. ಸಾಲ ಸುಲಭವಾದುದರಿಂದ ಕೊಳ್ಳುವವರು ಹೆಚ್ಚಿದರು. ಹೀಗೆ ಎರಡು ಮೂರು ವರ್ಷ ಎಲ್ಲರೂ ಸಿರಿವಂತರೆಂಬ ಭ್ರಮೆಯೊಂದು ಹಬ್ಬಿರಲು, ಯಾರೋ ಕೆಲವರು ಚೀಟಿಯನ್ನು ಹಿಡಿದು ಬ್ಯಾಂಕಿನ ಬಾಗಿಲಿಗೆ ಹೋಗಿ ‘ಇದಕ್ಕೆ ಸಲ್ಲಬೇಕಾದ ಲೋಹವನ್ನು ಕೊಡಿ’ ಎಂದು ಕೇಳಿದರು. ಕೊಡಲು ಸಾಕಷ್ಟು ಲೋಹವಿರಲಿಲ್ಲ. 1664ರ ವೇಳೆಗೆ ಬ್ಯಾಂಕು ಕುಸಿಯಿತು. 1668ರಲ್ಲಿ ಪಾಮ್‌ಸ್ಟ್ರುಕ್‌ನಿಗೆ ಮರಣದಂಡನೆಯೇ ವಿಧಿಸಲ್ಪಟ್ಟು, ಆಮೇಲೆ ಅದು ಸೆರೆವಾಸಕ್ಕೆ ಇಳಿಯಿತು. ಅದೇ ವರ್ಷ, ಅದೇ ಬ್ಯಾಂಕಿನ ಬೂದಿಯಿಂದ, ಅರಸನ ಅಧೀನದಲ್ಲಲ್ಲದೆ ಪ್ರಜಾಪ್ರತಿನಿಧಿಗಳ ಅಧೀನದಲ್ಲಿ ಹೊಸ ಬ್ಯಾಂಕೊಂದು ಹುಟ್ಟಿತು. ಅದೇ ಇಂದಿನ ರಿಕ್ಸ್‌ಬ್ಯಾಂಕ್, ಜಗತ್ತಿನಲ್ಲಿ ಇಂದಿಗೂ ಬಾಳುತ್ತಿರುವ ಕೇಂದ್ರ ಬ್ಯಾಂಕುಗಳಲ್ಲೆಲ್ಲ ಹಿರಿಯದು.

ಆರ್ಥಿಕ ಗುಳ್ಳೆಯೆಂದರೆ ಏನೆಂಬುದನ್ನು ತಿಳಿಯಲು ಈ ಕಥೆಗಿಂತ ಹೆಚ್ಚಿನದೇನೂ ಬೇಕಾಗಿಲ್ಲ. ತೀರಿಸಲಾಗದಷ್ಟು ವಚನಗಳನ್ನು ಕೊಡುವುದು, ಆ ವಚನಗಳನ್ನೇ ಐಶ್ವರ್ಯವೆಂದು ಭಾವಿಸಿ ಮನೆ, ನೆಲ, ಷೇರುಗಳ ಬೆಲೆಯನ್ನು ಏರಿಸುವುದು, ಏರಿದ ಬೆಲೆಯನ್ನು ಆಧಾರವಾಗಿಟ್ಟುಕೊಂಡು ಮತ್ತಷ್ಟು ಸಾಲ ಎತ್ತುವುದು, ಕೊನೆಗೆ ಒಂದು ದಿನ ಯಾರೋ ವಚನದ ಈಡೇರಿಕೆಯನ್ನು ಕೇಳಿದಾಗ ಎಲ್ಲವೂ ಒಮ್ಮೆಲೆ ಒಡೆಯುವುದು: ಇಷ್ಟೇ ಅದರ ರೂಪ. ನಾನು ಹೇಳಹೊರಟಿರುವುದು ಆ ಕೊನೆಯ ಘಟ್ಟದ ವಿಷಯವನ್ನು. ಹಾಗೆ ಕೇಳುವ ಅಧಿಕಾರವು ಸಾಮಾನ್ಯ ಮನುಷ್ಯನ ಕೈಯಲ್ಲಿ ನಗದಿನ ರೂಪದಲ್ಲಿ ಉಳಿದಿರುವವರೆಗೆ ಮಾತ್ರ ವಚನ ಕೊಡುವವನ ಬಾಯಿಗೆ ಒಂದು ಕಡಿವಾಣವಿರುತ್ತದೆ. ಆ ಕಡಿವಾಣವನ್ನು ತಾವಾಗಿಯೇ, ಸಂತೋಷದಿಂದಲೇ, ಬಿಟ್ಟುಕೊಟ್ಟ ನಾಡುಗಳಲ್ಲಿ ಸ್ವೀಡನ್ನೇ ಅಗ್ರಗಣ್ಯವಾದದ್ದು.

ಬಿಟ್ಟುಕೊಟ್ಟ ಬಗೆ ಬಲಾತ್ಕಾರದ್ದಲ್ಲ. ರಾಜಧಾನಿಯ ಬಸ್ಸುಗಳಲ್ಲಿ ಚಾಲಕನಿಗೆ ನಗದು ಕೊಡುವ ಪದ್ಧತಿ ಎಂದೋ ನಿಂತಿತು. 2012ರ ಡಿಸೆಂಬರಿನಲ್ಲಿ ದೊಡ್ಡ ಬ್ಯಾಂಕುಗಳು ಕೂಡಿ ‘ಸ್ವಿಶ್’ ಎಂಬ ಮೊಬೈಲು ಪಾವತಿಯನ್ನು ಆರಂಭಿಸಿದುವು. ಅನತಿಕಾಲದಲ್ಲಿಯೇ ಇಗರ್ಜಿಯ ಕಾಣಿಕೆಯೂ ಸಂತೆಯ ಹಣ್ಣಿನ ಬೆಲೆಯೂ ಅದರಲ್ಲಿಯೇ ಸಲ್ಲತೊಡಗಿದುವು. ಮನೆಯಿಲ್ಲದ ಬಡವರು ಬೀದಿಯಲ್ಲಿ ನಿಂತು ಮಾರುವ ಪತ್ರಿಕೆಗೆ ಸಹ ಕಾರ್ಡು ಉಜ್ಜುವ ಯಂತ್ರ ಬಂದಿತು. ‘ಆಬಾ’ ಗಾಯನಮಂಡಲಿಯ ಬ್ಯೋರ್ನ್ ಉಲ್ವೇಯಸ್, ತನ್ನ ಮಗನ ಮನೆಯಲ್ಲಿ ಕಳ್ಳತನವಾದ ಮೇಲೆ ನಗದಿನ ಮೇಲೆಯೇ ಮುನಿದು, ನಗದಿಲ್ಲದ ಸಮಾಜದ ಪರವಾಗಿ ಪ್ರಚಾರಕ್ಕೆ ಇಳಿದನು. 2013ರಲ್ಲಿ ತೆರೆದ ಆ ಮಂಡಲಿಯ ವಸ್ತುಸಂಗ್ರಹಾಲಯದಲ್ಲಿ ನಗದಿಗೆ ಪ್ರವೇಶವಿರಲಿಲ್ಲ. ಅದೇ ವರ್ಷ ಸ್ಟಾಕ್‌ಹೋಮಿನ ಬ್ಯಾಂಕೊಂದಕ್ಕೆ ನುಗ್ಗಿದ ದರೋಡೆಗಾರನು, ಆ ಶಾಖೆಯಲ್ಲಿ ನಗದನ್ನು ಇಡುವುದೇ ಇಲ್ಲವೆಂದು ತಿಳಿದು, ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ನಗದುರಹಿತ ವ್ಯವಸ್ಥೆಯ ಗುಣಗಳನ್ನು ಎಣಿಸುವವರು ಇದನ್ನು ಮರೆಯಬಾರದು. ಇತ್ತೀಚಿನ ಖರೀದಿಗೆ ನಗದನ್ನು ಕೊಟ್ಟೆವೆಂದು ಹೇಳಿದವರು 2010ರಲ್ಲಿ ನೂರಕ್ಕೆ 39 ಮಂದಿಯಿದ್ದುದು, 2018ರಲ್ಲಿ 13 ಮಂದಿಗೆ ಇಳಿಯಿತೆಂದು ರಿಕ್ಸ್‌ಬ್ಯಾಂಕಿನ ಸಮೀಕ್ಷೆಗಳೇ ತಿಳಿಸುತ್ತವೆ.

ಇಲ್ಲಿ ಸಾಮಾನ್ಯವಾಗಿ ಲಕ್ಷ್ಯಕ್ಕೆ ಬಾರದ ಒಂದು ಸಂಗತಿಯುಂಟು. ಜೇಬಿನಲ್ಲಿರುವ ನೋಟಿಗೂ ಮೊಬೈಲಿನ ಪರದೆಯಲ್ಲಿ ಕಾಣುವ ಅಂಕಿಗೂ ಬೆಲೆ ಒಂದೇ ಆದರೂ ಜಾತಿ ಬೇರೆ. ನೋಟು ಕೇಂದ್ರ ಬ್ಯಾಂಕಿನ, ಎಂದರೆ ರಾಷ್ಟ್ರದ, ಹೊಣೆ. ಖಾತೆಯಲ್ಲಿನ ಅಂಕಿಯು ಯಾವುದೋ ಒಂದು ಬ್ಯಾಂಕು ನಮಗೆ ತೀರಿಸಬೇಕಾದ ಸಾಲ. ಬ್ಯಾಂಕು ಸಾಲ ಕೊಡುವಾಗ ಪೆಟ್ಟಿಗೆಯಿಂದ ಹಣ ತೆಗೆದು ಕೊಡುವುದಿಲ್ಲ. ಸಾಲಗಾರನ ಖಾತೆಯಲ್ಲಿ ಅಂಕಿಯೊಂದನ್ನು ಬರೆಯುತ್ತದೆ, ಬರೆದ ಕ್ಷಣದಲ್ಲಿಯೇ ಹೊಸ ಹಣ ಹುಟ್ಟುತ್ತದೆ. ಪಾಮ್‌ಸ್ಟ್ರುಕ್ ಕಾಗದದ ಮೇಲೆ ಮಾಡಿದುದನ್ನು ಇಂದಿನ ಬ್ಯಾಂಕುಗಳು ಕಾಯಿದೆಯ ಚೌಕಟ್ಟಿನೊಳಗೆ, ಮೇಲ್ವಿಚಾರಣೆಗೆ ಒಳಪಟ್ಟು, ಲೆಕ್ಕದ ಪುಸ್ತಕದಲ್ಲಿ ಮಾಡುತ್ತವೆ.

ಈ ಸ್ಥಿತಿಯನ್ನು ಅದರ ತುತ್ತತುದಿಯವರೆಗೆ ಕಲ್ಪಿಸಿ ನೋಡಿದವನೂ ಸ್ವೀಡನ್ನಿನವನೇ. ಕ್ನೂಟ್ ವಿಕ್ಸೆಲ್ ಎಂಬ ಅರ್ಥಶಾಸ್ತ್ರಜ್ಞನು (ಧರ್ಮನಿಂದೆಯ ಆಪಾದನೆಯ ಮೇಲೆ 1910ರಲ್ಲಿ ಎರಡು ತಿಂಗಳು ಸೆರೆಮನೆಯನ್ನೂ ಕಂಡು ಬಂದ ಹಟವಾದಿ ಈತ) 1898ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಾಣ್ಯವೂ ನೋಟೂ ಒಂದೂ ಇಲ್ಲದೆ ಎಲ್ಲ ಪಾವತಿಗಳೂ ಬ್ಯಾಂಕಿನ ಪುಸ್ತಕಗಳಲ್ಲಿ ಖಾತೆಯಿಂದ ಖಾತೆಗೆ ವರ್ಗವಾಗುವ ಸಮಾಜವೊಂದನ್ನು ಚಿತ್ರಿಸಿದನು. ಅಂತಹ ಸಮಾಜದಲ್ಲಿ ಹಣವನ್ನು ಹೊರಗೆ ಒಯ್ಯುವವರೇ ಇಲ್ಲವಾದ್ದರಿಂದ ಬ್ಯಾಂಕುಗಳೆಲ್ಲ ಒಟ್ಟಾಗಿ ನಡೆದರೆ ಸಾಲದಾನಕ್ಕೆ ಒಳಗಿನಿಂದ ಯಾವ ಮಿತಿಯೂ ಇರಲಾರದು. ಬಡ್ಡಿಯ ದರವು ಸಹಜವಾಗಿ ಇರತಕ್ಕದ್ದಕ್ಕಿಂತ ಕೆಳಗೆ ನಿಂತಷ್ಟು ಕಾಲವೂ ಬೆಲೆಗಳು ಏರುತ್ತಲೇ ಹೋಗುವುವು, ಒಂದು ಏರಿಕೆಯೇ ಮುಂದಿನದಕ್ಕೆ ಕಾರಣವಾಗುವುದು ಎಂಬುದು ಅವನ ತರ್ಕದ ಸಾರ. ಅವನಿಗೆ ಅದು ವಿಚಾರದ ಸೌಕರ್ಯಕ್ಕಾಗಿ ಕಟ್ಟಿಕೊಂಡ ಕಲ್ಪನೆ. ಅವನ ದೇಶಬಾಂಧವರು ಒಂದು ಶತಮಾನದ ತರುವಾಯ ಅದರಲ್ಲಿ ವಾಸಮಾಡಲು ಹೊರಟರು.

ನಗದಿದ್ದ ಕಾಲದಲ್ಲಿ ಗುಳ್ಳೆಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದುವು, ಸ್ವೀಡನ್ನೇ ಅದಕ್ಕೂ ಸಾಕ್ಷಿ. 1985ರ ನವೆಂಬರಿನಲ್ಲಿ ರಿಕ್ಸ್‌ಬ್ಯಾಂಕು ಸಾಲದ ಮೇಲಣ ಮಿತಿಗಳನ್ನು ತೆಗೆದುಹಾಕಿದೊಡನೆ, ಬಹುಕಾಲ ಹಸಿದಿದ್ದವರು ಪಂಕ್ತಿಗೆ ನುಗ್ಗಿದಂತಾಯಿತು. ತೆತ್ತ ಬಡ್ಡಿಗೆ ವರಮಾನ ತೆರಿಗೆಯಲ್ಲಿ ವಿನಾಯಿತಿ ದೊರೆಯುತ್ತಿದ್ದುದರಿಂದಲೂ ಬೆಲೆಯೇರಿಕೆ ತೀವ್ರವಾಗಿದ್ದುದರಿಂದಲೂ ಸಾಲ ಮಾಡದವನೇ ಮೂರ್ಖನೆಂಬ ಕಾಲ ಅದು. ಸ್ವೀಡನ್ನಿನ ಹೂಡಿಕೆದಾರರು ಲಂಡನ್, ಬ್ರಸೆಲ್ಸ್ ನಗರಗಳ ಕಚೇರಿ ಕಟ್ಟಡಗಳನ್ನೂ ಬಿಡದೆ ಕೊಂಡರು. 1990ರ ಸೆಪ್ಟೆಂಬರಿನಲ್ಲಿ ನಿಕ್ಕೆಲ್ನ್ ಎಂಬ ಹಣಕಾಸು ಕಂಪನಿ ಪಾವತಿಯನ್ನು ನಿಲ್ಲಿಸಿತು. ಆ ಬಳಿಕ ಒಂದರ ಹಿಂದೆ ಒಂದು ಬಿದ್ದುವು. ವಿದೇಶೀ ನಾಣ್ಯಗಳೊಡನೆ ತನ್ನ ನಾಣ್ಯವಾದ ಕ್ರೋನಾದ ವಿನಿಮಯ ದರವನ್ನು ಕಾಪಾಡಿಕೊಳ್ಳುವ ಹಟದಿಂದ ರಿಕ್ಸ್‌ಬ್ಯಾಂಕು 1992ರ ಸೆಪ್ಟೆಂಬರ್ 16ರಂದು ಬ್ಯಾಂಕುಗಳಿಗೆ ವಿಧಿಸುವ ಬಡ್ಡಿಯನ್ನು ನೂರಕ್ಕೆ 500ಕ್ಕೆ ಏರಿಸಿತು (ಅಚ್ಚಿನ ತಪ್ಪಲ್ಲ, ಐನೂರೇ ಸರಿ). ಆದರೂ ಪ್ರಯೋಜನವಾಗದೆ ನವೆಂಬರ್ 19ರಂದು ಕ್ರೋನಾವನ್ನು ಅದರ ಪಾಡಿಗೆ ತೇಲಬಿಡಬೇಕಾಯಿತು. ರಾಷ್ಟ್ರೀಯ ಉತ್ಪನ್ನವು ಮೂರು ವರ್ಷ ಸತತವಾಗಿ ಕುಗ್ಗಿತು. ಠೇವಣಿದಾರರು ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಲ್ಲಲಿಲ್ಲವೆಂಬುದು ನಿಜ. ಏಕೆಂದರೆ ಬ್ಯಾಂಕುಗಳ ಸಮಸ್ತ ಋಣಗಳಿಗೂ ತಾನೇ ಹೊಣೆಯೆಂದು ಸರ್ಕಾರವು ಸೆಪ್ಟೆಂಬರಿನಲ್ಲಿಯೇ ಸಾರಿದ್ದಿತು. ಗುಳ್ಳೆಯ ಬೆಲೆಯನ್ನು ತೆರಿಗೆ ಕೊಡುವವರು ಹೊತ್ತರು.

ಆದ್ದರಿಂದ ನಗದು ಇದ್ದ ಮಾತ್ರಕ್ಕೆ ಗುಳ್ಳೆ ಏಳದೆಂದು ನಾನು ವಾದಿಸುತ್ತಿಲ್ಲ. ಅದು ಇಲ್ಲವಾದಾಗ ಒದಗುವ ಪರಿಸ್ಥಿತಿ ಎಂತಹದೆಂಬುದೇ ಪ್ರಶ್ನೆ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹೊರಟುಹೋಯಿತು. ಸಾಲಿನಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ, ಬೆರಳಾಡಿಸಿದರು, ಅಷ್ಟೆ. ಅಂಕಿಯ ಹಣ ಓಡಲಾರದೆಂಬ ನಂಬಿಕೆ ಹೀಗೆ ಸುಳ್ಳಾಯಿತು. ಆದರೆ ಆ ಹಣ ಓಡಿದ್ದು ಎಲ್ಲಿಗೆ? ಬೇರೊಂದು ಬ್ಯಾಂಕಿಗೆ. ನೋಟೇ ಇಲ್ಲದ ನಾಡಿನಲ್ಲಿ ಒಬ್ಬ ಠೇವಣಿದಾರನು ಒಂದು ಬ್ಯಾಂಕನ್ನು ಬಿಟ್ಟು ಮತ್ತೊಂದನ್ನು ಹಿಡಿಯಬಹುದಲ್ಲದೆ, ಎಲ್ಲ ಬ್ಯಾಂಕುಗಳ ಮೇಲೆಯೂ ಸಂಶಯ ಹುಟ್ಟಿದಾಗ ಜನಸಮುದಾಯವು ಒಟ್ಟಾಗಿ ಅವುಗಳಿಂದ ಹೊರಬರಲು ದಾರಿಯೇ ಇರುವುದಿಲ್ಲ.

ಬಡ್ಡಿಯ ವಿಷಯದಲ್ಲಿಯೂ ಹಾಗೆಯೇ. 2015ರ ಫೆಬ್ರವರಿಯಲ್ಲಿ ರಿಕ್ಸ್‌ಬ್ಯಾಂಕು ತನ್ನ ದರವನ್ನು ಶೂನ್ಯಕ್ಕಿಂತ ಕೆಳಗಿಳಿಸಿ, ಮರುವರ್ಷ ಅದನ್ನು ಋಣ 0.5ಕ್ಕೆ ಒಯ್ದು, 2019ರ ಡಿಸೆಂಬರಿನವರೆಗೂ ಶೂನ್ಯದ ಕೆಳಗೇ ಇಟ್ಟಿತು. ಎಂದರೆ ಹಣವಿಟ್ಟವನೇ ಬಡ್ಡಿ ತೆರಬೇಕಾದ ವಿಪರೀತ. ಬ್ಯಾಂಕುಗಳು ಈ ಹೊರೆಯನ್ನು ಸಾಮಾನ್ಯ ಗೃಹಸ್ಥರ ಉಳಿತಾಯದ ಮೇಲೆ ಹೊರಿಸಲು ಹಿಂಜರಿದುವು. ಹೊರಿಸಿದ್ದರೆ ಅವರು ನೋಟುಗಳನ್ನು ಎಣಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ರೋಗೋಫ್ 2016ರಲ್ಲಿ ಗ್ರಂಥವನ್ನೇ ಬರೆದು, ಋಣ ಬಡ್ಡಿಗೆ ಅಡ್ಡಿಯಾಗಿರುವ ದೊಡ್ಡ ನೋಟುಗಳನ್ನು ಕ್ರಮೇಣ ಹಿಂತೆಗೆಯಬೇಕೆಂದು ವಾದಿಸಿದನು. ವಾದದಲ್ಲಿ ಬಲವಿಲ್ಲದೆ ಇಲ್ಲ. ಆದರೆ ಅವನು ಅಡ್ಡಿಯೆಂದು ಕರೆದುದೇ ಠೇವಣಿದಾರನ ರಕ್ಷಣೆ. ಆ ವರ್ಷಗಳ ಅಗ್ಗದ ಸಾಲದಿಂದ ಸ್ವೀಡನ್ನಿನ ಮನೆಗಳ ಬೆಲೆ ಮುಗಿಲಿಗೇರಿ, ಕುಟುಂಬಗಳ ಸಾಲ ಅವುಗಳ ವಾರ್ಷಿಕ ನಿವ್ವಳ ಆದಾಯದ ಇಮ್ಮಡಿಯ ಹತ್ತಿರಕ್ಕೆ ಹೋಗಿ, 2022ರಲ್ಲಿ ದರಗಳು ಏರತೊಡಗಿದಾಗ ಬೆಲೆ ಜಾರಿದುದನ್ನು ನೋಡಿದರೆ ವಿಕ್ಸೆಲ್ ಪುನಃ ನೆನಪಾಗುತ್ತಾನೆ.

ಯಂತ್ರಗಳು ಕೈಕೊಡುವ ಭಯದ ಬಗ್ಗೆ ಬಹಳ ಮಂದಿ ಬರೆದಿದ್ದಾರೆ. 2021ರ ಜುಲೈ ಮೊದಲ ವಾರದಲ್ಲಿ ಸೈಬರು ದಾಳಿಯೊಂದರ ದೆಸೆಯಿಂದ ಸ್ವೀಡನ್ನಿನ ಕೂಪ್ ಸಂಸ್ಥೆಯ ಸುಮಾರು 800 ದಿನಸಿ ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲು ಮುಚ್ಚಿದುವು. ನಗದಿನ ಪಕ್ಷಪಾತಿಗಳು ಇದನ್ನು ಆಗಾಗ ಉದಾಹರಿಸುವುದುಂಟು. ಆದರೆ ಕೆಟ್ಟುಹೋದುದು ಲೆಕ್ಕ ಹಾಕುವ ಯಂತ್ರವೇ ಆದ್ದರಿಂದ ನೋಟು ಹಿಡಿದು ಹೋದವನಿಗೂ ಆ ದಿನ ಹಾಲು ಸಿಗುತ್ತಿರಲಿಲ್ಲವೆಂಬುದನ್ನು ಪ್ರಾಮಾಣಿಕತೆಯಿಂದ ಒಪ್ಪಬೇಕು.

ನಮ್ಮ ಭಾರತದಲ್ಲಿಯ ಸ್ಥಿತಿ ಬೇರೆ. 2016ರ ನವೆಂಬರ್ 8ರ ರಾತ್ರಿ ಚಲಾವಣೆಯ ಬೆಲೆಯಲ್ಲಿ ನೂರಕ್ಕೆ 86ರಷ್ಟಾಗಿದ್ದ ನೋಟುಗಳು ರದ್ದಾದರೂ, ಅಂದು ಸುಮಾರು 18 ಲಕ್ಷ ಕೋಟಿ ರೂಪಾಯಿಯಿದ್ದ ನಗದು 2024ರ ಮಾರ್ಚಿಗೆ 35 ಲಕ್ಷ ಕೋಟಿಗೆ ಮುಟ್ಟಿತು. ಯುಪಿಐ ಬೆಳೆದುದೂ ಅದೇ ಅವಧಿಯಲ್ಲಿ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕು ಕಡಿವಾಣ ಹಾಕಿ, ಠೇವಣಿದಾರರು ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದು ವಿಧಿಸಿದಾಗ, ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ನಿವೃತ್ತರಿಗೆ ಪಾಸ್‌ಬುಕ್ಕಿನ ಅಂಕಿಗೂ ಕೈಯಲ್ಲಿನ ಹಣಕ್ಕೂ ಇರುವ ಅಂತರ ಯಾವ ಅರ್ಥಶಾಸ್ತ್ರಜ್ಞನ ನೆರವೂ ಇಲ್ಲದೆ ಅರ್ಥವಾಯಿತು. 2025ರ ಜುಲೈಯಲ್ಲಿ, ಯುಪಿಐ ಲೆಕ್ಕಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದೊಡನೆ, ಅದೇ ಊರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಚೀಟಿಗಳು ಮಾಯವಾಗಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹಗಳು ಕಾಣಿಸಿಕೊಂಡುವು. ತೆರಿಗೆ ತಪ್ಪಿಸುವುದು ಯಾರ ಹಕ್ಕೂ ಅಲ್ಲ. ಆದರೆ ಕಾಫಿ ಕುಡಿದುದಕ್ಕೂ ಬರಹದ ಸಾಕ್ಷಿ ಉಳಿಯುವ ವ್ಯವಸ್ಥೆಯಲ್ಲಿ ಪ್ರಜೆಗೂ ಸರ್ಕಾರಕ್ಕೂ ನಡುವಣ ತೂಕ ಎತ್ತ ಬಾಗುತ್ತದೆಂಬುದು ಅಂಗಡಿಯವರಿಗೆ ಅಂದು ತಿಳಿಯಿತು.

ಸ್ವೀಡನ್ನು ಈಗ ಹೆಜ್ಜೆಯನ್ನು ಹಿಂತೆಗೆಯುತ್ತಿದೆ. ಪೊಲೀಸು ಇಲಾಖೆಯ ಮುಖ್ಯಸ್ಥನಾಗಿದ್ದು ಇಂಟರ್‌ಪೋಲಿನ ಅಧ್ಯಕ್ಷತೆಯನ್ನೂ ವಹಿಸಿದ್ದ ಬ್ಯೋರ್ನ್ ಎರಿಕ್ಸನ್ ನಗದಿನ ಪರವಾಗಿ ಚಳವಳಿಯನ್ನೇ ಹೂಡಿದನು. ದೊಡ್ಡ ಬ್ಯಾಂಕುಗಳು ನಗದು ಸೇವೆಯನ್ನು ಒದಗಿಸಲೇಬೇಕೆಂಬ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಯುದ್ಧವೋ ವಿಪತ್ತೋ ಒದಗಿದರೆ ಏನು ಮಾಡಬೇಕೆಂಬುದನ್ನು ತಿಳಿಸಿ ಸರ್ಕಾರವು 2018ರಲ್ಲಿಯೂ 2024ರಲ್ಲಿಯೂ ಮನೆಮನೆಗೆ ಕಳುಹಿಸಿದ ಕಿರುಹೊತ್ತಗೆಗಳಲ್ಲಿ, ನೀರು, ಆಹಾರ, ರೇಡಿಯೋಗಳ ಸಾಲಿನಲ್ಲಿಯೇ ನೋಟುಗಳಿಗೂ ಸ್ಥಾನ ದೊರೆತಿದೆ. ವಾಚಕರಲ್ಲಿ ನನ್ನ ವಿನಂತಿಯೂ ಅಷ್ಟೇ: ಯುಪಿಐಯನ್ನು ಧಾರಾಳವಾಗಿ ಬಳಸಿರಿ, ಆದರೆ ಒಂದು ವಾರದ ಮನೆಖರ್ಚಿಗೆ ಸಾಲುವಷ್ಟು ಚಿಲ್ಲರೆ ನೋಟುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ, ವಾರಕ್ಕೊಮ್ಮೆಯಾದರೂ ತರಕಾರಿಯವಳಿಗೆ ನಗದನ್ನೇ ಕೊಡಿರಿ, ಯಾವುದಾದರೂ ಅಂಗಡಿ ನೋಟನ್ನು ಒಲ್ಲೆನೆಂದರೆ ಕಾರಣವನ್ನು ಕೇಳದೆ ಬರಬೇಡಿರಿ.