ಎಲ್ಲರೂ ಒಟ್ಟಿಗೇ ತಲುಪಬೇಕು!

ಹಳೇ ಕಂಪ್ಯೂಟರ್ ಬಿಚ್ಚಿದಾಗ ಹಸಿರು ಬೋರ್ಡಿನ ಮೇಲೆ ಹಾವಿನ ಹಾಗೆ ಸುತ್ತಿ ಸುತ್ತಿ ಸಾಗುವ ತಾಮ್ರದ ಗೆರೆಗಳನ್ನು ನೋಡಿದ್ದೀರಾ? ಪ್ರೊಸೆಸರ್ ಇಲ್ಲಿದೆ, ಮೆಮೊರಿ ಚಿಪ್ ಪಕ್ಕದಲ್ಲೇ ಇದೆ. ನೇರ ಗೆರೆ ಎಳೆದರೆ ಮುಗಿಯಿತಲ್ಲ, ಈ ಸುತ್ತುಬಳಸು ಏಕೆ?

ನಮ್ಮ ಆರ್‌ಪಿಸಿ ಲೇಔಟಿನ ಎಂಟು ಗೆಳೆಯರು ಬೇರೆ ಬೇರೆ ಮನೆಗಳಿಂದ ಹೊರಟು ವಿಜಯನಗರದಲ್ಲಿ ಒಂದೇ ಮೆಟ್ರೊ ಹತ್ತಬೇಕು ಎಂದುಕೊಳ್ಳಿ. ಬಾಗಿಲು ತೆರೆದಿರುವುದು ಕೆಲವೇ ಕ್ಷಣ. ಒಬ್ಬ ತಡ ಮಾಡಿದರೂ ತಂಡ ಅಪೂರ್ಣ. ಮೆಮೊರಿಯ ಕಥೆಯೂ ಇದೇ. ಎಂಟು ಡೇಟಾ ಗೆರೆಗಳ ಜೊತೆ ‘ಸ್ಟ್ರೋಬ್’ ಎಂಬ ಸಂಕೇತವೂ ಬರುತ್ತದೆ. ಅದು ‘ಈಗ ಓದು’ ಎಂದಾಗ ಎಂಟೂ ಬಿಟ್‌ಗಳು ಹಾಜರಿರಬೇಕು.

ಡಿಡಿಆರ್3-1600 ಮೆಮೊರಿಯಲ್ಲಿ ಒಂದು ಬಿಟ್‌ಗೆ ಸಿಗುವ ಸಮಯ 625 ಪಿಕೋಸೆಕೆಂಡ್. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೋಸೆಕೆಂಡ್! ಬೋರ್ಡಿನಲ್ಲಿ ಸಂಕೇತ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂ.ಮೀ. ಸಾಗುತ್ತದೆ. ಒಂದು ಗೆರೆ 3 ಸೆಂ.ಮೀ. ಹೆಚ್ಚು ಉದ್ದವಾದರೆ 200 ಪಿಕೋಸೆಕೆಂಡ್ ತಡ, ಅಂದರೆ ಸಿಕ್ಕ ಸಮಯದ ಮೂರನೇ ಒಂದು ಪಾಲು ನಷ್ಟ. ಅದಕ್ಕೇ ಗಿಡ್ಡ ಗೆರೆಗಳನ್ನು ಬೇಕೆಂದೇ ಬಳಸಿ ತಂದು ಉದ್ದದ ಗೆರೆಗೆ ಸರಿಗಟ್ಟಿಸುತ್ತಾರೆ.

ಇನ್ನೊಂದು ಸ್ವಾರಸ್ಯವಿದೆ. ಗೆರೆಗಳು ಒಂದನ್ನೊಂದು ಅಡ್ಡ ಹಾಯುವಂತಿದ್ದರೆ, ಆ ಎಂಟರೊಳಗೆ ಸಾಮಾನ್ಯವಾಗಿ ಅದಲು ಬದಲು ಮಾಡಬಹುದು. ಮೂರನೆಯ ಬಿಟ್ ಐದನೆಯ ಜಾಗದಲ್ಲಿ ಕೂತರೂ, ವಾಪಸಾಗುವಾಗ ಅದೇ ದಾರಿಯಲ್ಲಿ ಬಂದು ತನ್ನ ಜಾಗ ಸೇರುತ್ತದೆ! ಆದರೆ ವಿಳಾಸ, ಆದೇಶ ಒಯ್ಯುವ ಗೆರೆಗಳಿಗೆ ಈ ಸಲಿಗೆ ಇಲ್ಲ.

ಈ ಕೆಲಸ ನಮ್ಮ ಊರಿಗೆ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳು ಸೇರಿ ರೂಪಿಸಿದ ‘ಸಿಂಪ್ಯೂಟರ್’ ನೆನಪಿದೆಯೇ? ಅಂಗೈಯಗಲದ ಆ ಯಂತ್ರದಲ್ಲಿ ಸ್ಟ್ರಾಂಗ್‌ಆರ್ಮ್ ಪ್ರೊಸೆಸರನ್ನೂ ಮೆಮೊರಿಯನ್ನೂ ಬೆಸೆದವರು ಬೆಂಗಳೂರಿನವರೇ. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೂ ಬಂತು. ಅದು ಹೆಚ್ಚು ಮಾರಾಟವಾಗಲಿಲ್ಲ ನಿಜ. ಆದರೆ ನಾವೂ ಬೋರ್ಡ್ ರೂಪಿಸಬಲ್ಲೆವು ಎಂಬುದನ್ನು ತೋರಿಸಿಕೊಟ್ಟಿತು.

ಇಂದು ಎಷ್ಟೋ ಬಿಇ ಪ್ರಾಜೆಕ್ಟ್‌ಗಳು ಎಸ್‌ಪಿ ರಸ್ತೆಯಿಂದ ತಂದ ಸಿದ್ಧ ಬೋರ್ಡಿಗೆ ಸೆನ್ಸರ್ ಜೋಡಿಸುವುದರಲ್ಲೇ ಮುಗಿಯುತ್ತವೆ. ಕೋಡ್ ತಪ್ಪಿದರೆ ತಿದ್ದಬಹುದು, ಅಚ್ಚಾದ ತಾಮ್ರವನ್ನು ತಿದ್ದುವುದು ಕಷ್ಟ. ಆ ಭಯದಿಂದಲೇ ಹಲವರು ಈ ಕಡೆ ಬರುವುದಿಲ್ಲ. ಆದರೆ ಕಲಿಯಲು ಬೋರ್ಡ್ ಅಚ್ಚು ಹಾಕಿಸಲೇಬೇಕೆಂದಿಲ್ಲ. ಕಿಕ್ಯಾಡ್ ತಂತ್ರಾಂಶ ಉಚಿತ. ಡಿಡಿಆರ್3 ಮೆಮೊರಿ ಇರುವ ‘ಬೀಗಲ್‌ಬೋನ್ ಬ್ಲ್ಯಾಕ್’ ಬೋರ್ಡಿನ ವಿನ್ಯಾಸವೂ ಎಲ್ಲರಿಗೂ ಮುಕ್ತ. ಅದನ್ನು ತೆರೆದು ಒಂದೊಂದೇ ಗೆರೆಯನ್ನು ಹಿಂಬಾಲಿಸಿ ನೋಡಿ. ಪ್ರತಿ ತಿರುವಿಗೂ ಒಂದು ಕಾರಣ ಸಿಗುತ್ತದೆ.