ಹಲಸಂಗಿಯ ಹಾಡಿಗೆ ಐರ್ಲೆಂಡಿನ ನಂಟು

ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯೆಂಬ ಪುಟ್ಟ ಗ್ರಾಮದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ ಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಒಂದುಗೂಡಿದರು. ಬೀಸುವ ಕಲ್ಲಿನ ಮುಂದೆ ಕುಳಿತು ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಬೆಳಕಿಗೆ ತಂದರು. ಈ ಸಂಗತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಾಚಕರಿಗೆ ಹೊಸದೇನಲ್ಲ. ಆದರೆ ಇದಕ್ಕೆ ಸುಮಾರು ನಾಲ್ಕು ದಶಕಗಳ ಹಿಂದೆಯೇ ಯುರೋಪಿನ ಪಶ್ಚಿಮದಂಚಿನ ದ್ವೀಪವೊಂದರಲ್ಲಿ ಇಂತಹುದೇ ಕಾರ್ಯ ನಡೆದಿತ್ತೆಂಬುದೂ, ಆ ದ್ವೀಪದ ಗಾಳಿ ಒಂದೆರಡು ದಾರಿಗಳಿಂದ ನಮ್ಮ ನಾಡನ್ನೂ ಮುಟ್ಟಿತೆಂಬುದೂ ಅಷ್ಟಾಗಿ ತಿಳಿದಿಲ್ಲ.

ಐರ್ಲೆಂಡ್ ಎಂದೊಡನೆ ಕಥೋಲಿಕ ಕುಟುಂಬಗಳಿಗೆ ಸಂತ ಪ್ಯಾಟ್ರಿಕ್ಕರ ನೆನಪಾಗುತ್ತದೆ. ಬರಗಾಲವನ್ನು ಬಲ್ಲ ನಮ್ಮ ಸೀಮೆಯವರಿಗೆ ಆ ನಾಡಿನ ಇನ್ನೊಂದು ಕಥೆಯೂ ಬೇಗ ಅರ್ಥವಾದೀತು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ, ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ರೋಗಗಳಿಂದ ಸತ್ತರು; ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ನಾಡು ಬಿಟ್ಟರು. 1841ರಲ್ಲಿ 81 ಲಕ್ಷವಿದ್ದ ಜನಸಂಖ್ಯೆ 1901ರ ವೇಳೆಗೆ 45 ಲಕ್ಷದೊಳಗೆ ಇಳಿದಿತ್ತು. ಐರಿಷ್ ಭಾಷೆಯನ್ನು ಬಲ್ಲವರು 1851ರಲ್ಲಿ 15 ಲಕ್ಷವಿದ್ದುದು 1901ರಲ್ಲಿ 6 ಲಕ್ಷ 41 ಸಾವಿರವಾಯಿತು. ಅನೇಕ ಕಡೆ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಅದು ಐರಿಷ್ ಮಾತನಾಡಿದಾಗಲೆಲ್ಲ ಕೋಲಿಗೆ ಗೀರು ಹಾಕಿ, ಗೀರುಗಳನ್ನೆಣಿಸಿ ಶಿಕ್ಷಿಸುವ ಪದ್ಧತಿಯಿತ್ತು. ಇದಕ್ಕೆ ಹೆತ್ತವರ ಒಪ್ಪಿಗೆಯೂ ಇರುತ್ತಿತ್ತೆಂಬುದು ಮನಸ್ಸನ್ನು ಕಲಕುವ ಮಾತು. ಅವರನ್ನು ದೂರುವುದು ಸುಲಭ. ಆದರೆ ಅಮೆರಿಕದಲ್ಲಿ ಅನ್ನ ಕೊಡುವುದು ಇಂಗ್ಲಿಷೆಂದು ಅವರು ಕಣ್ಣಾರೆ ಕಂಡಿದ್ದರು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿ, ಮನೆಯಲ್ಲಿಯೂ ಅದನ್ನೇ ಆಡಿಸುವ ಇಂದಿನ ನಮ್ಮ ಹೆತ್ತವರ ಎಣಿಕೆ ಅದಕ್ಕಿಂತ ಬಹಳ ಬೇರೆಯಾಗಿಲ್ಲ.

1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಡಬ್ಲಿನ್ನಿನಲ್ಲಿ ಗೇಲಿಕ್ ಲೀಗನ್ನು ಸ್ಥಾಪಿಸಿದರು. ಕೊನಾಕ್ಟ್ ಪ್ರಾಂತದ ಜನರ ಬಾಯಲ್ಲಿದ್ದ ಪ್ರೇಮಗೀತೆಗಳ ಸಂಗ್ರಹವನ್ನು ಹೈಡ್ ಪ್ರಕಟಿಸಿದ್ದೂ ಅದೇ ವರ್ಷ. ಧರ್ಮಗುರುಗಳು ಈ ಕಾರ್ಯಕ್ಕೆ ಹೆಗಲು ಕೊಟ್ಟರು. ಮೇನೂತ್ ಗುರುಮಠದ ಪ್ರಾಧ್ಯಾಪಕರಾಗಿದ್ದ ಫಾದರ್ ಯೂಜೀನ್ ಒ’ಗ್ರೌನಿಯವರ ಸರಳ ಪಾಠಗಳಿಂದ ಸಹಸ್ರಾರು ಜನ ತಮ್ಮ ಅಜ್ಜಿಯರ ಭಾಷೆಯನ್ನು ಕಲಿತರು. ಕಾರ್ಕ್ ಜಿಲ್ಲೆಯ ಫಾದರ್ ಪೀಟರ್ ಒ’ಲಿಯರಿಯವರು ಹಳ್ಳಿಗರ ಆಡುಮಾತಿನಲ್ಲಿಯೇ ಕಥೆ ಬರೆದು, ಆ ಮಾತಿಗೂ ಸಾಹಿತ್ಯದ ಯೋಗ್ಯತೆಯುಂಟೆಂದು ತೋರಿಸಿಕೊಟ್ಟರು.

ಎಲ್ಲವೂ ಹೀಗೆಯೇ ನೆಟ್ಟಗೆ ನಡೆಯಲಿಲ್ಲ. ಹೊಸ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಐರಿಷ್ ಕಡ್ಡಾಯವಾಗಬೇಕೇ ಎಂಬ ಪ್ರಶ್ನೆಯೆದ್ದಾಗ ಧರ್ಮಾಧ್ಯಕ್ಷರು ಕಡ್ಡಾಯವನ್ನು ಒಪ್ಪಲಿಲ್ಲ. ಅವರನ್ನು ಕಟುವಾಗಿ ಎದುರಿಸಿದ ಮೇನೂತಿನ ಐರಿಷ್ ಪ್ರಾಧ್ಯಾಪಕ ಫಾದರ್ ಮೈಕೆಲ್ ಒ’ಹಿಕಿ 1909ರಲ್ಲಿ ಹುದ್ದೆ ಕಳೆದುಕೊಂಡರು. ರೋಮಿಗೆ ಹೋಗಿ ಮೊರೆಯಿಟ್ಟರೂ ಫಲ ದೊರೆಯದೆ 1916ರಲ್ಲಿ ತೀರಿಕೊಂಡರು. ವಿಚಿತ್ರವೆಂದರೆ, 1913ರಿಂದ ಅವರು ಬಯಸಿದ ನಿಯಮವೇ ಜಾರಿಗೆ ಬಂದಿತ್ತು. ಇನ್ನು ಹೈಡ್ ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಮಗ. 1938ರಲ್ಲಿ ಅವರೇ ಐರ್ಲೆಂಡಿನ ಪ್ರಥಮ ಅಧ್ಯಕ್ಷರಾದರು. ಆದರೆ 1949ರಲ್ಲಿ ಅವರ ಅಂತ್ಯಕ್ರಿಯೆ ನಡೆದಾಗ ಅನ್ಯ ಸಭೆಯ ಪ್ರಾರ್ಥನೆಯಲ್ಲಿ ಭಾಗವಹಿಸಲು ಅಂದಿನ ನಿಯಮ ಅಡ್ಡಬಂದುದರಿಂದ, ಕಥೋಲಿಕ ಮಂತ್ರಿಗಳು ದೇವಾಲಯದ ಹೊರಗೆ ಕಾರುಗಳಲ್ಲಿಯೇ ಕುಳಿತಿದ್ದರು. ಒಳಗೆ ಹೋದ ಮಂತ್ರಿ ಒಬ್ಬರೇ. ಲಿಂಗಣ್ಣನೂ ಧೂಲಾ ಸಾಹೇಬನೂ ಕೂಡಿ ಒಂದೇ ಹಾಡನ್ನು ಅರಸಿ ಹೊರಟ ಹಲಸಂಗಿ ಈ ವಿಷಯದಲ್ಲಿ ಮುಂದಿತ್ತೆಂದರೆ ತಪ್ಪಾಗಲಾರದು.

ಈ ಗಾಳಿ ಕರ್ನಾಟಕಕ್ಕೆ ಬಂದ ದಾರಿಗಳಲ್ಲಿ ಒಂದು ಜೇಮ್ಸ್ ಕಸಿನ್ಸ್. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಡಬ್ಲಿನ್ನಿನ ಹೊಸ ನಾಟಕ ಚಳವಳಿಯಲ್ಲಿ ಪಾಲ್ಗೊಂಡಿದ್ದ ಈ ಕವಿ 1915ರಲ್ಲಿ ಆನಿ ಬೆಸೆಂಟರ ಪತ್ರಿಕೆಗಾಗಿ ಮದರಾಸಿಗೆ ಬಂದರು. 1916ರ ಪಾಸ್ಕ ಸಪ್ತಾಹದಲ್ಲಿ ಡಬ್ಲಿನ್ನಿನಲ್ಲಿ ದಂಗೆಯೆದ್ದವರನ್ನು ಹೊಗಳಿ ಬರೆದುದಕ್ಕಾಗಿ ಆ ಕೆಲಸವನ್ನೂ ಕಳೆದುಕೊಂಡರು. ಅವರ ಪತ್ನಿ ಮಾರ್ಗರೆಟ್, ಐರ್ಲೆಂಡಿನಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಸೆರೆಮನೆ ಕಂಡವರು, 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಪ್ರಥಮ ಮುಖ್ಯಸ್ಥೆಯಾಗಿದ್ದರು. 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ಕಸಿನ್ಸರ ಮುಂದಿಟ್ಟಾಗ, ನಿಮ್ಮ ಸ್ವಂತ ಭಾಷೆಯಲ್ಲೇಕೆ ಬರೆಯಬಾರದೆಂದು ಅವರು ಕೇಳಿದ್ದು ಕನ್ನಡದ ಭಾಗ್ಯವಾಯಿತು. ಇನ್ನೊಂದು ದಾರಿ ‘ಎ.ಇ.’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ರಸೆಲ್. ಈ ಅನುಭಾವಿ ಕವಿ 1897ರಿಂದ ಬೈಸಿಕಲ್ ಏರಿ ಹಳ್ಳಿಹಳ್ಳಿಗೆ ಹೋಗಿ ರೈತರ ಸಹಕಾರ ಸಂಘಗಳನ್ನು ಕಟ್ಟಿದರು. (ಗದಗಿನ ಕಣಗಿನಹಾಳದಲ್ಲಿ ನಮ್ಮ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ.) ಅರವಿಂದ, ರವೀಂದ್ರರೊಡನೆ ಈ ಎ.ಇ.ಯವರನ್ನೂ ಬೇಂದ್ರೆಯವರು ತಮ್ಮ ಗುರುಗಳ ಸಾಲಿನಲ್ಲಿ ನೆನೆದಿದ್ದಾರೆ. ಹಲಸಂಗಿಯ ಗೆಳೆಯರಿಗೆ ಬೇಂದ್ರೆ ಎಷ್ಟು ಆಪ್ತರೆಂಬುದನ್ನು ಹೇಳಬೇಕಾಗಿಲ್ಲ.

ರಾಜಕೀಯದ ದಾರಿಯೂ ಒಂದಿತ್ತು. ಐರ್ಲೆಂಡಿನಿಂದ ಎರವಲು ಪಡೆದ ‘ಹೋಮ್ ರೂಲ್’ ಎಂಬ ಹೆಸರಿನಲ್ಲಿ ಲೋಕಮಾನ್ಯ ತಿಲಕರು ತಮ್ಮ ಸಂಘವನ್ನು ಸ್ಥಾಪಿಸಿದ್ದು 1916ರ ಏಪ್ರಿಲ್ ಕೊನೆಯಲ್ಲಿ, ನಮ್ಮ ಬೆಳಗಾವಿಯಲ್ಲಿ. ಡಬ್ಲಿನ್ ಹೊತ್ತಿ ಉರಿಯುತ್ತಿದ್ದುದೂ ಅದೇ ದಿನಗಳಲ್ಲಿ. ಸಂಘದ ಅಧ್ಯಕ್ಷರಾದವರು ಮುಂಬಯಿಯ ಕಥೋಲಿಕ ನ್ಯಾಯವಾದಿ ಜೋಸೆಫ್ ಬ್ಯಾಪ್ಟಿಸ್ಟಾ, ಜನರ ಬಾಯಲ್ಲಿ ‘ಕಾಕಾ’. ಸಂಘಕ್ಕೆ ಕರ್ನಾಟಕ ಶಾಖೆಯೊಂದಿತ್ತು. ಅದರ ಕಿರುಹೊತ್ತಗೆಗಳು ಕನ್ನಡದಲ್ಲಿಯೂ ಹೊರಬಂದವು. ಮರು ವರ್ಷದ ಏಪ್ರಿಲ್ ವೇಳೆಗೆ ಸದಸ್ಯರ ಸಂಖ್ಯೆ 14,000 ಮುಟ್ಟಿತ್ತು. ಬ್ಯಾಪ್ಟಿಸ್ಟಾರ ಹೆಸರು ನಮ್ಮ ಧರ್ಮಕೇಂದ್ರಗಳಲ್ಲಿ ಇಷ್ಟು ಅಪರೂಪವಾಗಿರುವುದು ಸೋಜಿಗವೇ ಸರಿ.

ಐರ್ಲೆಂಡ್ 1922ರಲ್ಲಿ ಸ್ವಂತ ಸಂವಿಧಾನ ಪಡೆದು ಐರಿಷನ್ನು ರಾಷ್ಟ್ರಭಾಷೆಯೆಂದು ಸಾರಿತು, ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಆದರೆ 2022ರ ಜನಗಣತಿಯಂತೆ ಶಾಲೆಯ ಹೊರಗೆ ದಿನವೂ ಐರಿಷ್ ಆಡುವವರು 72 ಸಾವಿರದಷ್ಟೇ. ಕನ್ನಡದ ಸ್ಥಿತಿ ಅದಲ್ಲ, ನಿಜ. ಆದರೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಹಾಡುವ ಹೊತ್ತೂ ಅದರೊಡನೆ ಹೋಯಿತು. ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಚ್ಚಾಗದ ತ್ರಿಪದಿಗಳನ್ನು ಬಲ್ಲ ಅಜ್ಜಿಯರು ಇನ್ನೂ ಉಳಿದಿದ್ದಾರೆ. ಬರೆದುಕೊಳ್ಳಲು ಹತ್ತಿರ ಕುಳಿತುಕೊಳ್ಳುವ ಮೊಮ್ಮಕ್ಕಳು ಬೇಕು.